ಎಡಚಿಯ ಗ್ಲೌಸು

ಹೊಸದಾಗಿ ಕೆಲಸಕ್ಕೆ ಸೇರಿದ ಪಿ.ಟಿ. ಮಿಸ್ ಒಬ್ಬಳು ಮೊನ್ನೆ ಕೊಳ್ಳೇಗಾಲದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ಹೆಸರು ಅಶ್ವಿನಿ. ಯಳಂದೂರಿನ ಕಡೆ ಪೋಸ್ಟಿಂಗ್ ಆಗಿದೆಯಂತೆ. ಕೂತವಳೇ ಬ್ಯಾಗಿನಿಂದ ಒಂದು ಬೇಸ್‌ಬಾಲ್ ಗ್ಲೌಸು ತೆಗೆದು ಕಾಫಿ ಲೋಟದ ಪಕ್ಕದಲ್ಲಿಟ್ಟಳು. ಮೊರದಷ್ಟು ದೊಡ್ಡದು, ಹಲಗೆಯಷ್ಟು ಗಟ್ಟಿ. "ಮೇಡಂ, ಯಾವ ಗ್ಲೌಸು ತಗೋಬೇಕು, ಹೇಗೆ ಪಳಗಿಸಬೇಕು ಅಂತ ನಿಮ್ಮನ್ನೇ ಕೇಳು ಅಂದ್ರು" ಅಂದಳು.

ಪಾಪದ ಹುಡುಗಿ, ಕೇಳಬಾರದಿತ್ತು. ರಿಟೈರಾದವರ ಬಾಯಿ ತೆರೆಸುವುದು ಸುಲಭ, ಮುಚ್ಚಿಸುವುದು ಕಷ್ಟ. ಕಾಫಿ ಆರಿತು, ಮಧ್ಯಾಹ್ನದ ಊಟವಾಯಿತು, ಎದುರುಮನೆಯ ಮಗ್ಗದ ಸದ್ದು ನಿಂತು ಮತ್ತೆ ಶುರುವಾಯಿತು, ನನ್ನ ಕಥೆ ಮುಗಿಯಲಿಲ್ಲ. ಹೋಗುವಾಗ ಅವಳೇ, "ಇದನ್ನೆಲ್ಲ ಬರೆದಿಡಿ ಮೇಡಂ, ನನ್ನಂಥೋರಿಗೆ ಬೇಕಾಗುತ್ತೆ" ಅಂದಳು. ಅದಕ್ಕೇ ಬರೆಯಲು ಕೂತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎನ್ನುವ ರಾಮಾಯಣ ಇಲ್ಲಿ ಬೇಡ. ಅದನ್ನು ಕೇಳಿಸಿಕೊಳ್ಳಲು ನಮ್ಮ ಯಜಮಾನರಿದ್ದಾರೆ.

ಪಿ.ಟಿ. ಮಿಸ್ ಅಂದರೆ ಏನು ಕೆಲಸ ಅಂತ ಯಾರೂ ನಿಮಗೆ ಸರಿಯಾಗಿ ಹೇಳಿರುವುದಿಲ್ಲ. ಬೆಳಿಗ್ಗೆ ಸಾಲು ನಿಲ್ಲಿಸುವುದು, ಗಲಾಟೆ ಅಡಗಿಸುವುದು, ಗಣಿತದ ಮೇಷ್ಟ್ರು ರಜೆ ಹಾಕಿದರೆ ಆ ಕ್ಲಾಸಿಗೆ ಹೋಗಿ ಕೂರುವುದು, ಆಗಸ್ಟ್ ಹದಿನೈದು ಹತ್ತಿರ ಬಂದರೆ ಗಂಟಲು ಹರಿಯುವ ತನಕ "ಎಡ, ಬಲ" ಅನ್ನುವುದು. ಆಟ ಆಡಿಸುವುದು ಇವೆಲ್ಲ ಮುಗಿದು ಉಳಿದ ಹೊತ್ತಿನಲ್ಲಿ. ಬೇಸ್‌ಬಾಲ್ ನಮ್ಮ ಕಡೆಗೆ ಬಂದದ್ದು ಒಂದು ತರಬೇತಿ ಶಿಬಿರದಿಂದ. ಕಬಡ್ಡಿ, ಖೋ ಖೋ ಕಲಿಸುತ್ತಿದ್ದ ನನ್ನನ್ನು ಅಲ್ಲಿಗೆ ಕಳಿಸಿದರು. ಚೆಂಡು, ಬ್ಯಾಟು, ಗ್ಲೌಸು ತುಂಬಿದ ಒಂದು ಚೀಲ ಹೊತ್ತುಕೊಂಡು ಬಂದೆ. ಬಂದಾಗ ನನಗಿದ್ದ ಜ್ಞಾನ ಅಷ್ಟಕ್ಕಷ್ಟೆ, ಆದರೆ ಊರಲ್ಲಿ ಇನ್ಯಾರಿಗೂ ಅಷ್ಟೂ ಇಲ್ಲದ್ದರಿಂದ ನಾನೇ ಪಂಡಿತೆ.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಚೆಂಡು ಹೊಡೆದವಳು ಓಡಿ ಮುಟ್ಟಬೇಕಾದ ಮೂಲೆಗಳಿಗೆ ಬೇಸ್ ಅನ್ನುತ್ತಾರೆ, ಎಲ್ಲ ಸುತ್ತಿ ಬಂದರೆ ಒಂದು ರನ್. ಆ ಮೂಲೆಗಳನ್ನು ಕಾಯುವವರು ಇನ್‌ಫೀಲ್ಡರ್‌ಗಳು, ಅಂದರೆ ಒಳಗಿನವರು. ಅವರ ಕಡೆಗೆ ಚೆಂಡು ನೆಲ ಕೆರೆದುಕೊಂಡು ಬರುತ್ತದೆ. ಹಿಡಿಯಬೇಕು, ತಕ್ಷಣ ಇನ್ನೊಂದು ಕೈಗೆ ತೆಗೆದು ಒಂದನೇ ಬೇಸಿಗೆ ಎಸೆಯಬೇಕು. ಹೊಡೆದವಳು ಅಲ್ಲಿಗೆ ಬಂದು ತಲುಪುವ ಮೊದಲು ಚೆಂಡು ತಲುಪಿದರೆ ಅವಳು ಔಟ್. ಆದ್ದರಿಂದ ಒಳಗಿನವರಿಗೆ ಹಿಡಿಯುವುದು ಎಷ್ಟು ಮುಖ್ಯವೋ, ಹಿಡಿದದ್ದನ್ನು ಹೊರಗೆ ತೆಗೆಯುವುದೂ ಅಷ್ಟೇ ಮುಖ್ಯ. ಅವರ ಗ್ಲೌಸು ಸಣ್ಣದಿರಬೇಕು, ಅದರ ಬೊಗಸೆ ಆಳವಾಗಿರಬಾರದು. ದೂರದಲ್ಲಿ ನಿಂತು ಮೇಲಿಂದ ಬರುವ ಚೆಂಡು ಹಿಡಿಯುವವರಿಗೆ ಮೊರದಂಥದ್ದು ನಡೆಯುತ್ತದೆ.

ಇದು ಯಳಂದೂರಿನ ನಮ್ಮ ಹೆಡ್‌ಮಾಸ್ಟರಿಗೆ ಅರ್ಥವಾಗಲಿಲ್ಲ. ಒಳ್ಳೆಯ ಮನುಷ್ಯ, ಆಟ ಅಂದರೆ ಆಸೆ, ಕೇಳಿದ್ದಕ್ಕೆಲ್ಲ ಹೂಂ ಅನ್ನುವವರು. ಗ್ಲೌಸು ಬೇಕು ಅಂದಾಗಲೂ ಹೂಂ ಅಂದರು. ಬಂದವು ನೋಡಿದರೆ ಎಲ್ಲವೂ ದೊಡ್ಡವು.

"ಏನ್ ಸಾರ್ ಇದು, ಸಣ್ಣವು ಬರೆದುಕೊಟ್ಟಿದ್ನಲ್ಲ" ಅಂದೆ.

"ಬೆಳೆಯೋ ಮಕ್ಕಳು ಕಣಮ್ಮ. ಈ ವರ್ಷ ಸರಿಹೋದ್ರೆ ಮುಂದಿನ ವರ್ಷ ಬಿಗಿಯಾಗುತ್ತೆ. ಒಂದು ಸೈಜ್ ದೊಡ್ಡದೇ ಇರ್ಲಿ."

"ಸಾರ್, ಇದು ಯೂನಿಫಾರಂ ಅಲ್ಲ."

"ಅದ್ಯಾಕೆ ಅಷ್ಟು ತಲೆ ಕೆಡಿಸ್ಕೋತೀಯ, ದೊಡ್ಡದಾದ್ರೆ ಒಳಗೆ ಮಡಚಿ ಹೊಲಿಸೋಣ."

ನಮ್ಮೂರುಗಳಲ್ಲಿ ಮಗುವಿಗೆ ಅಳತೆಗೆ ಸರಿಯಾಗಿ ಬಟ್ಟೆ ಹೊಲಿಸಿದವರನ್ನು ದುಂದುಗಾರರು ಅನ್ನುತ್ತಾರೆ. ಅವರು ಅದೇ ಲೆಕ್ಕ ಇಲ್ಲಿಗೂ ಹಾಕಿದ್ದರು. ಆಟಕ್ಕಿಳಿದಾಗ ಎರಡನೇ ಬೇಸಿನ ಹುಡುಗಿ ಚೆಂಡನ್ನು ಚೆನ್ನಾಗಿಯೇ ಹಿಡಿದಳು. ಆಮೇಲೆ ಗ್ಲೌಸಿನೊಳಗೆ ಕೈ ಹಾಕಿ ತಡಕತೊಡಗಿದಳು. "ಎಸಿಯೇ" ಅಂತ ನಾನು ಕೂಗುತ್ತಿದ್ದೇನೆ. "ಬಾಲು ಒಳ್ಗೆ ಎಲ್ಲೋ ಓಗ್ಬುಟ್ಟದೆ ಮಿಸ್" ಅಂತ ಅವಳು ಕೂಗುತ್ತಿದ್ದಾಳೆ. ಅಷ್ಟರಲ್ಲಿ ಹೊಡೆದವಳು ಎಲ್ಲ ಮೂಲೆ ಸುತ್ತಿ ಬಂದು ನೀರು ಕುಡಿಯುತ್ತಿದ್ದಳು. ಹೆಡ್‌ಮಾಸ್ಟರು ಮಾತಿಗೆ ಬಗ್ಗುವವರಲ್ಲ ಅಂತ ಸಂಜೆ ಅವರಿಗೇ ಗ್ಲೌಸು ತೊಡಿಸಿ ಎರಡನೇ ಬೇಸಿನಲ್ಲಿ ನಿಲ್ಲಿಸಿದೆ. ಅವರೂ ಹಿಡಿದರು, ಅವರೂ ತಡಕಿದರು. ಮುಂದಿನ ಸಲ "ಸಣ್ಣದು" ಅಂತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದವರು ಅವರೇ.

ಆರಿಸುವಾಗ ಕಣ್ಣಿಗಿಂತ ಕೈ ನಂಬಿ. ಆಡುವ ಹುಡುಗಿಯ ಕೈಯನ್ನೇ ಒಳಗೆ ಹಾಕಿಸಿ. ಬೆರಳುಗಳು ಅವುಗಳ ಗೂಡಿನಲ್ಲಿ ಅಲ್ಲಾಡಬೇಕು, ಮುಳುಗಬಾರದು. ಹೆಬ್ಬೆರಳಿನಿಂದ ಚರ್ಮವನ್ನು ಒತ್ತಿ ನೋಡಿ. ನಿಜವಾದ ಚರ್ಮವಾದರೆ ಸಣ್ಣಗೆ ಸುಕ್ಕು ಬಿದ್ದು ನಿಧಾನಕ್ಕೆ ಮಾಯವಾಗುತ್ತದೆ. ರೆಕ್ಸಿನ್ನಾದರೆ ಪಟ್ಟನೆ ಎದ್ದು ನಿಲ್ಲುತ್ತದೆ. ಮೂಸಿಯೂ ನೋಡಿ, ಅಂಗಡಿಯವನು ನಕ್ಕರೆ ನಗಲಿ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನೇಯ್ದಿರುವ ಪಟ್ಟಿ ಬಿಗಿಯಾಗಿರಬೇಕು. ನಾನು ನೇಕಾರರ ಮನೆಯಲ್ಲಿ ಹುಟ್ಟಿದವಳು, ಸಡಿಲ ನೇಯ್ಗೆ ಕಂಡರೆ ನನಗೆ ಮೈ ಉರಿಯುತ್ತದೆ. ಹಾಗೆಯೇ, ಹೊಸ ಗ್ಲೌಸು ಮೊದಲ ದಿನವೇ ಮೆತ್ತಗಿದ್ದರೆ ಹಿಗ್ಗಬೇಡಿ, ಅದು ಬೇಗ ಜೋತುಬೀಳುವ ಮಾಲು. ಗಟ್ಟಿ ಇದ್ದದ್ದನ್ನು ತಂದು ಪಳಗಿಸಬೇಕು.

ಪಳಗಿಸುವುದು ಅಂದರೆ ಎಣ್ಣೆ ಸುರಿಯುವುದು ಅಂತ ಎಲ್ಲರೂ ತಿಳಿದಿದ್ದಾರೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಮಾರ್ಟಳ್ಳಿಯಲ್ಲಿದ್ದಾಗ ಹುಡುಗಿಯರಿಗೆ ಒಂದೊಂದು ಗ್ಲೌಸು ಕೊಟ್ಟು, "ಬಟ್ಟೆಯಲ್ಲಿ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ತಗೊಂಡು ತೆಳ್ಳಗೆ ಒರೆಸಿ" ಅಂತ ಹೇಳಿ ಕಳಿಸಿದ್ದೆ. ಮಾರನೇ ದಿನ ಸೆಲ್ವಿ ಅನ್ನುವವಳು ಬರಿಗೈಯಲ್ಲಿ ಬಂದು ನಿಂತಳು. ಅವಳ ಮನೆಮಾತು ತಮಿಳು, ಗಾಬರಿಯಾದರೆ ಎರಡೂ ಬೆರೆಸುತ್ತಿದ್ದಳು.

"ಮಿಸ್, ಪಾಟಿ ವೆಣ್ಣೆ ಹಚ್ಚುದ್ರು."

ಪಾಟಿ ಅಂದರೆ ಅವಳ ಅಜ್ಜಿ, ವೆಣ್ಣೆ ಅಂದರೆ ಬೆಣ್ಣೆ. ಮೊಮ್ಮಗಳ ಆಟದ ಸಾಮಾನಿಗೆ ಕೊಬ್ಬರಿ ಎಣ್ಣೆ ಯಾಕೆ, ಮನೆಯಲ್ಲಿ ಎಮ್ಮೆ ಕರೆಯುವಾಗ ಅಂತ ಮುದುಕಿ ಧಾರಾಳವಾಗಿ ಬಳಿದಿದ್ದಾಳೆ.

"ಗ್ಲೌಸ್ ಎಲ್ಲೇ?"

"ನಾಯಿ ತಕಂಡೋಯ್ತು ಮಿಸ್. ನಾವೂ ಓಡುದ್ವಿ. ಅದು ಸೆನ್ನಾಗಿ ಓಡ್ತದೆ."

ಆ ನಾಯಿಯನ್ನು ತಂಡಕ್ಕೆ ಸೇರಿಸಿಕೊಳ್ಳಬೇಕಿತ್ತು. ಗ್ಲೌಸಂತೂ ಸಿಗಲಿಲ್ಲ. ಅಂದಿನಿಂದ ಎಣ್ಣೆ ಹಚ್ಚುವುದನ್ನು ನನ್ನ ಕಣ್ಣೆದುರೇ ಮಾಡಿಸಿದೆ.

ಹನೂರಿಗೆ ಬಂದಾಗ ಅಷ್ಟೊಂದು ಚೆಂಡುಗಳಿರಲಿಲ್ಲ. ಗ್ಲೌಸಿನ ಬೊಗಸೆಯಲ್ಲಿ ಚೆಂಡಿಟ್ಟು, ಮಡಚಿ, ದಾರದಲ್ಲಿ ಕಟ್ಟಿ ಇಡಬೇಕು. ಆಗ ಚರ್ಮ ಚೆಂಡಿನ ಆಕಾರವನ್ನು ಕಲಿಯುತ್ತದೆ. ಅಲ್ಲಿಯ ಹುಡುಗಿಯರು ಬೇಲದ ಕಾಯಿ ತಂದರು. ಗಾತ್ರ ಸರಿಸುಮಾರು ಅಷ್ಟೇ, ಕಲ್ಲಿನಷ್ಟು ಗಟ್ಟಿ. ಕಾಯಿ ಒಳಗೇ ಹಣ್ಣಾಗುವ ತನಕ ಬಿಡಬೇಡಿ ಅನ್ನುವುದೊಂದೇ ನಿಯಮ. ಒಬ್ಬಳು ಬಿಟ್ಟಳು. ಅವಳ ಗ್ಲೌಸು ಕೊನೆಯ ತನಕ ಪಾನಕದ ವಾಸನೆ ಹೊಡೆಯುತ್ತಿತ್ತು. ಈಗಿನವರು ಮೊಬೈಲಿನಲ್ಲಿ ವಿಡಿಯೋ ನೋಡಿ ಡಬ್ಬಿಯ ಕ್ರೀಮು ತರಿಸುತ್ತಾರೆ, ಬೆಂಕಿಪೊಟ್ಟಣದಷ್ಟು ಕ್ರೀಮಿಗೆ ಬಾಳೆಗೊನೆಯಷ್ಟು ಉಪದೇಶ. ಬೇಡ ಅನ್ನುವುದಿಲ್ಲ. ಆದರೆ ಗ್ಲೌಸು ಪಳಗುವುದು ಹಿಡಿದು ಹಿಡಿದೇ. ಉಳಿದದ್ದೆಲ್ಲ ಒಗ್ಗರಣೆ.

ಇಷ್ಟು ಹೇಳಿದ ಮೇಲೆ ಸಿಂಚನಳ ಕಥೆಗೆ ಬರುತ್ತೇನೆ. ಅಶ್ವಿನಿಗೆ ಹೇಳಲು ಹೊರಟದ್ದೇ ಅದು.

ನನ್ನ ಕೊನೆಯ ಶಾಲೆ ಕುಂತೂರಿನ ಕಡೆಯದು. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗೆ ಕಾಯುವ ಟ್ರಾಕ್ಟರುಗಳ ಸಾಲು ನಮ್ಮ ಗೇಟಿನ ತನಕ ಬರುತ್ತಿತ್ತು, ಮಕ್ಕಳ ಯೂನಿಫಾರಮ್ಮಿಗೂ ಕಾಕಂಬಿ ವಾಸನೆ. ಒಂದು ದಿನ ಬಿಸಿಯೂಟದ ಹೊತ್ತಿನಲ್ಲಿ ಅಡುಗೆಕೋಣೆಯ ಮಾಡಿನ ಮೇಲೆ ಕೋತಿ ಕೂತಿತ್ತು. ಮೈದಾನದ ಆ ತುದಿಯಿಂದ ಒಂದು ಕಬ್ಬಿನ ತುಂಡು ಗಾಳಿ ಸೀಳಿಕೊಂಡು ಬಂದು ಕೋತಿಯ ಪಕ್ಕದ ಹೆಂಚಿಗೆ ಬಡಿಯಿತು. ಕೋತಿ ಓಡಿತು, ಹೆಂಚು ಒಡೆಯಿತು.

"ಯಾರೇ ಅದು ಎಸೆದೋಳು?"

ಒಂಬತ್ತನೇ ಕ್ಲಾಸಿನ ಒಂದು ಉದ್ದ ಕಾಲಿನ ಹುಡುಗಿ ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದಳು. ಅವಳೇ ಸಿಂಚನ.

"ಯಾವ ಕೈಲಿ ಎಸೆದೆ?"

"ಬಲಗೈಲಿ ಮಿಸ್" ಅಂದಳು. ಹೆಂಚು ಒಡೆದ ತಪ್ಪನ್ನು ಒಪ್ಪಿಕೊಳ್ಳಲು ತಯಾರಿದ್ದವಳು ಕೈಯ ವಿಷಯಕ್ಕೆ ಸುಳ್ಳು ಹೇಳಿದಳು.

ಮನೆಯಲ್ಲಿ ಎಡಗೈ ಬಿಡಿಸಿದ್ದರು. ಉಣ್ಣುವುದು, ಬರೆಯುವುದು, ಕೊಡುವುದು, ಇಸ್ಕೊಳ್ಳುವುದು ಎಲ್ಲ ಬಲಗೈ ಆಗಿತ್ತು. ಎಸೆಯುವುದನ್ನು ಮಾತ್ರ ಯಾರೂ ನೋಡಿರಲಿಲ್ಲ, ಅದು ಎಡಗೈಯಲ್ಲೇ ಉಳಿದುಬಿಟ್ಟಿತ್ತು. ನನಗೆ ಲಾಟರಿ ಹೊಡೆದಷ್ಟು ಸಂತೋಷ. ಒಂದನೇ ಬೇಸಿಗೆ ಎಡಚಿಯೇ ಸರಿ. ಎಡಗೈಯಲ್ಲಿ ಎಸೆಯುವವಳು ಗ್ಲೌಸು ಹಾಕುವುದು ಬಲಗೈಗೆ. ಒಂದನೇ ಬೇಸಿನಲ್ಲಿ ನಿಂತರೆ ಆ ಬಲಗೈ ಮೈದಾನದ ಒಳಗಡೆಗೇ ಚಾಚುತ್ತದೆ, ಬೇಸಿನಿಂದ ಕಾಲು ಕೀಳದೆ ಅಡ್ಡಾದಿಡ್ಡಿ ಬಂದ ಚೆಂಡನ್ನೂ ಬಾಚಿಕೊಳ್ಳಬಹುದು.

ತೊಂದರೆ ಒಂದೇ. ನಮ್ಮ ಚೀಲದಲ್ಲಿದ್ದ ಗ್ಲೌಸುಗಳೆಲ್ಲ ಎಡಗೈಗೆ ಹಾಕುವಂಥವು. ಸಿಂಚನ ಅದನ್ನೇ ಹಾಕಿಕೊಂಡು ಹಿಡಿಯುತ್ತಿದ್ದಳು, ಆಮೇಲೆ ಗ್ಲೌಸು ಕಿತ್ತು ಕಂಕುಳಲ್ಲಿ ಸಿಕ್ಕಿಸಿಕೊಂಡು ಎಸೆಯುತ್ತಿದ್ದಳು. ನೋಡುವವರಿಗೆ ಅವಳು ಹೂಕೋಸು ಬಿಡಿಸುತ್ತಿದ್ದಾಳೆ ಅನ್ನಿಸಬೇಕು. ಜಿಲ್ಲೆಯಲ್ಲಿ ಬೇಸ್‌ಬಾಲ್ ಆಡುವ ಶಾಲೆಗಳೇ ಕಡಿಮೆ, ಹಾಗಾಗಿ ಅಲ್ಲಿ ಹೇಗೋ ಗೆದ್ದೆವು. ಮುಂದಿನದು ಮೈಸೂರಿನಲ್ಲಿ ವಿಭಾಗ ಮಟ್ಟದ ಪಂದ್ಯ, ದಸರಾ ರಜೆ ಮುಗಿದ ಕೂಡಲೇ.

ನಮ್ಮ ತಾಲ್ಲೂಕಿನ ದೈಹಿಕ ಶಿಕ್ಷಣಾಧಿಕಾರಿ ಕೊರಳಿಗೆ ಸೀಟಿ ಹಾಕಿಕೊಂಡೇ ಮದುವೆಗೂ ಹೋಗುವವರು. ಅವರು ಅಂದರು, "ಆ ಎಡಚೀನ ಬದಲಾಯಿಸಮ್ಮ. ಗ್ಲೌಸು ಕಿತ್ತು ಎಸೆಯೋ ಹೊತ್ತಿಗೆ ಅವರು ಎರಡು ರನ್ ತಗೊಂಡಿರ್ತಾರೆ."

"ಕುಣಿಯಲಾರದೋಳು ನೆಲ ಡೊಂಕು ಅಂದ್ರೆ ತಪ್ಪು ಸಾರ್. ಇಲ್ಲಿ ನೆಲಾನೇ ಡೊಂಕಾಗಿದೆ. ಅವಳಿಗೆ ಸರಿಯಾದ ಗ್ಲೌಸು ಕೊಡಿ, ಆಮೇಲೆ ಹೇಳಿ."

"ಎಲ್ಲಿದೆ ಅದು?"

"ಹುಡುಕ್ತೀನಿ."

"ಹುಡುಕಿ ಪಳಗಿಸೋ ಹೊತ್ತಿಗೆ ಪಂದ್ಯ ಮುಗಿದಿರುತ್ತೆ" ಅಂದವರು, ಪಕ್ಕದಲ್ಲಿ ನಿಂತಿದ್ದ ಸಿಂಚನಳ ಮುಖ ನೋಡಿ ಸ್ವಲ್ಪ ಮೆತ್ತಗಾದರು. "ಆಯ್ತು. ಹೊರಡೋ ದಿನ ನಾನು ಬರ್ತೀನಿ. ಗ್ಲೌಸು ಒಂದೇ ಕೈಲಿ ಪೂರ್ತಿ ಮುಚ್ಚಿ ತೋರಿಸಲಿ. ಮುಚ್ಚಿದ್ರೆ ಅವಳೇ ಒಂದನೇ ಬೇಸು. ಮುಚ್ಚದಿದ್ರೆ ಬೆಂಚು. ಏನಮ್ಮ, ಒಪ್ಪಿಗೆಯಾ?"

ಸಿಂಚನ ತಲೆ ಆಡಿಸಿದಳು.

ಮೈಸೂರಿನ ಅಂಗಡಿಗಳನ್ನು ಸುತ್ತಿದೆ. ಎಡಗೈಯವರದ್ದು ಅಂದರೆ ಎಲ್ಲರೂ, "ಬರಲ್ಲ ಮೇಡಂ" ಅನ್ನುವವರೇ. ಕೊನೆಗೆ ಒಬ್ಬರು ಏಣಿ ಹಾಕಿ ಅಟ್ಟದಿಂದ ಒಂದು ಧೂಳಿನ ಪೊಟ್ಟಣ ಇಳಿಸಿದರು. "ತಪ್ಪಾಗಿ ಬಂದದ್ದು. ಯಾರೂ ಕೇಳ್ಲಿಲ್ಲ, ಹಾಗೇ ಬಿದ್ದಿದೆ" ಅಂದರು. ಒಳ್ಳೆಯ ಚರ್ಮ, ಸಣ್ಣ ಅಳತೆ, ಬಿಗಿ ನೇಯ್ಗೆ, ಬಲಗೈಯದ್ದು. ಆದರೆ ಒಣಗಿ ಒಣಗಿ ಕೊಬ್ಬರಿ ಚಿಪ್ಪಾಗಿತ್ತು. ಮುಚ್ಚಲು ನೋಡಿದೆ, ಮುಚ್ಚಲಿಲ್ಲ. ಮೊಣಕಾಲ ಮೇಲಿಟ್ಟು ಎರಡೂ ಕೈಯಲ್ಲಿ ಒತ್ತಿದೆ, ಅಂಗಡಿಯವರೂ ಒಂದು ಕೈ ಕೊಟ್ಟರು. ಅದು ನಮ್ಮಿಬ್ಬರ ಮುಖ ನೋಡಿಕೊಂಡು ಬಾಯಿ ತೆರೆದೇ ಇತ್ತು.

ಸಿಂಚನಳ ಕೈಗೆ ಹಾಕಿದೆ. ಬಲಗೈ ಗ್ಲೌಸಿನಲ್ಲಿ, ಎಡಗೈ ಬಿಡುವಾಗಿ. ಹಿಡಿದ ಕೂಡಲೇ ಎಸೆಯಬಹುದು. ಎಡಗೈಯ ಬೆರಳುಗಳನ್ನು ಒಮ್ಮೆ ಬಿಚ್ಚಿ ಮುಚ್ಚಿ ನೋಡಿಕೊಂಡಳು. "ಇದು ನಂಗೇನಾ ಮಿಸ್?" ಅಂದಳು.

ಅವತ್ತಿನಿಂದ ಶುರುವಾಯಿತು. ತೆಳ್ಳಗೆ ಎಣ್ಣೆ ಒರೆಸಿದೆವು. ಅವರಜ್ಜಿಯ ಎಲೆಅಡಿಕೆ ಕುಟ್ಟಾಣಿಯಲ್ಲಿ ಬೊಗಸೆಯ ಜಾಗಕ್ಕೆ ಬಡಿದೆವು. ಚೆಂಡು ಕಟ್ಟಿ ದಿಂಬಿನ ಕೆಳಗಿಟ್ಟು ಮಲಗಿದಳು. ಶಾಲೆಗೆ ಬಂದರೂ ಕೈಯಲ್ಲಿ ಗ್ಲೌಸು, ಕನ್ನಡ ಪಾಠದಲ್ಲೂ ಡೆಸ್ಕಿನ ಕೆಳಗೆ ಅದನ್ನು ಹಿಂಡುತ್ತಿದ್ದಳಂತೆ. ಅವಳ ಅಪ್ಪ ಮಾದೇಶ ಕಬ್ಬಿನ ಟ್ರಾಕ್ಟರು ಓಡಿಸುವವನು. ಒಂದು ಸಂಜೆ ಟ್ರಾಕ್ಟರನ್ನು ಗೇಟಿನ ಹತ್ತಿರವೇ ನಿಲ್ಲಿಸಿ ಬಂದ.

"ಮೇಡಮ್ಮೋರೆ, ಕೂಸು ಒದ್ದಾಡ್ತಾ ಅದೆ. ಒಂದು ಮಾತೇಳ್ಲಾ? ಟಯರ್ ಕೆಳಕ್ಕಿಟ್ಟು ಇಂದಕ್ಕೆ ಮುಂದಕ್ಕೆ ಒಂದ್ಸಲ ಆಡುಸ್ಬುಟ್ರೆ ಮೆತ್ತಗಾಯ್ತದೆ."

"ಮೆತ್ತಗಾಗಲ್ಲ ಮಾದೇಶ, ಚಪಾತಿ ಆಗುತ್ತೆ."

"ಅಂಗಾರೆ ಬ್ಯಾಡ ಬುಡಿ" ಅಂದ. ಹೋಗುವಾಗ ತಿರುಗಿ, "ಎಂಗೂ ಬಲಗೈಗೆ ಆಕೊಳ್ಳೋದಲ್ವಾ, ಒಳ್ಳೇದಾಯ್ತು" ಅಂತ ಸಮಾಧಾನದಿಂದ ಹೇಳಿದ. ಹಾಗಾದರೆ ಎಸೆಯುವುದು ಯಾವ ಕೈ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಿಂಚನ ನೆಲ ನೋಡುತ್ತಿದ್ದಳು.

ರಜೆ ಬಂತು. ಗ್ಲೌಸು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಅರ್ಧ ಮುಚ್ಚುತ್ತದೆ, ಆಮೇಲೆ ಮೊಂಡು ಎತ್ತಿನ ಹಾಗೆ ಅಲ್ಲೇ ಕೂರುತ್ತದೆ. ಅರ್ಧ ಮುಚ್ಚುವ ಗ್ಲೌಸಿನಿಂದ ಚೆಂಡು ಚಿಮ್ಮಿ ಹೊರಬೀಳುತ್ತದೆ. ನನಗೂ ನಂಬಿಕೆ ಹೋಗುತ್ತಿತ್ತು, ಆದರೆ ಅವಳ ಮುಂದೆ ತೋರಿಸಿಕೊಳ್ಳಲಿಲ್ಲ.

ಆಯುಧ ಪೂಜೆಯ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಹಳೇ ಮಗ್ಗಕ್ಕೆ ಹೂವು ಹಾಕಿ ಮುಗಿಸಿದ್ದೆ, ಫೋನು ಬಂತು. ಆ ಕಡೆ ಬರೀ ಅಳು.

"ಮಿಸ್, ಅಪ್ಪ ಗ್ಲೌಸ್ ತೊಳ್ದುಬುಟ್ಟ."

"ಏನು ಮಾಡಿದ?"

"ಟ್ರಾಕ್ಟ್ರು ತೊಳೀವಾಗ ಅದ್ನೂ ತೊಳ್ದುಬುಟ್ಟ ಮಿಸ್."

ಹಬ್ಬದ ಅಡುಗೆ ಯಜಮಾನರಿಗೆ ಒಪ್ಪಿಸಿ ಕುಂತೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾದೇಶನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಅವುಗಳಲ್ಲಿ ಕೆಲವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅವರ ಮನೆ ಮುಂದೆ ಟ್ರಾಕ್ಟರು ಮದುವಣಗಿತ್ತಿಯ ಹಾಗೆ ನಿಂತಿತ್ತು. ಎರಡೂ ಕಡೆ ಬಾಳೆಕಂದು, ಚೆಂಡುಹೂವಿನ ಹಾರ, ಚಕ್ರಕ್ಕೆ ನಿಂಬೆಹಣ್ಣು. ಬಾನೆಟ್ಟಿನ ಮೇಲೆ ಸ್ಪಾನರು, ಜಾಕು, ಮಚ್ಚು, ಕುಡುಗೋಲು ಸಾಲಾಗಿ. ಅವುಗಳ ನಡುವೆ ನೀರು ತೊಟ್ಟಿಕ್ಕುತ್ತಾ ಗ್ಲೌಸು ಕೂತಿತ್ತು. ಪಂಪಿನ ಪೈಪು ಹಿಡಿದು, ಸೋಪಿನ ಪುಡಿ ಹಾಕಿ, ಬಕೆಟ್ಟಿನಲ್ಲಿ ನೆನೆಸಿ, ತಿಕ್ಕಿ ತೊಳೆದಿದ್ದ. ಬೊಗಸೆಯೊಳಗೆ ಮೂರು ಗೆರೆ ವಿಭೂತಿ, ನಡುವೆ ಕಾಸಗಲ ಕುಂಕುಮ, ಅದರ ಮೇಲೆ ಒಂದು ದಾಸವಾಳ. ಸಿಂಚನ ಜಗಲಿಯ ಮೇಲೆ ಮುಖ ಮುಚ್ಚಿಕೊಂಡು ಕೂತಿದ್ದಳು.

ಮಾದೇಶ ಮುಖ ಸಣ್ಣದು ಮಾಡಿಕೊಂಡು ಬಂದ. "ನಂಗ್ ಗೊತ್ತಾಗ್ನಿಲ್ಲ ಮೇಡಮ್ಮೋರೆ. ನಂಗೆ ಟ್ರಾಕ್ಟ್ರು ಎಂಗೋ ಕೂಸ್ಗೆ ಅದು ಅಂಗೆ ಅನ್ಕಂಡಿ. ಆಯ್ದ ಅಂದ್ಮೇಲೆ ಕೊಳೇಲಿ ಪೂಜೆ ಮಾಡಾಕಾಯ್ತದಾ? ಅದ್ಕೇ ಸೆನ್ನಾಗಿ ತೊಳ್ದಿ. ತೊಳೀದೆ ಇದ್ರೆ ಮಾದಪ್ಪ ಒಪ್ಪಾನಾ?"

ಮಗಳ ಗ್ಲೌಸನ್ನು ತನ್ನ ಅನ್ನದ ಸಾಮಾನಿನ ಸಾಲಿನಲ್ಲಿಟ್ಟವನಿಗೆ ನಾನು ಏನಂತ ಬೈಯಲಿ? ಗ್ಲೌಸು ಕೈಗೆ ತೆಗೆದುಕೊಂಡೆ. ನೀರು ಕುಡಿದು ಭಾರವಾಗಿತ್ತು. ಸುಮ್ಮನೆ ಮಡಚಿ ನೋಡಿದೆ. ಮಡಚಿತು. ಇಷ್ಟು ದಿನ ಅರ್ಧಕ್ಕೇ ನಿಲ್ಲುತ್ತಿದ್ದದ್ದು ಒದ್ದೆ ಬಟ್ಟೆಯ ಹಾಗೆ ಬಗ್ಗಿತು.

ಅಲ್ಲಿ ನನಗೊಂದು ವಿಷಯ ಹೊಳೆಯಿತು. ಒದ್ದೆ ಚರ್ಮ ಯಾವ ಆಕಾರದಲ್ಲಿ ಒಣಗುತ್ತದೋ ಅದೇ ಆಕಾರಕ್ಕೆ ನಿಲ್ಲುತ್ತದೆ. ಬಿಸಿಲಿಗಿಟ್ಟರೆ ಮತ್ತೆ ಚಿಪ್ಪು, ಇನ್ನೂ ಕೆಟ್ಟ ಚಿಪ್ಪು. ಅದು ಅವಳ ಕೈ ಮೇಲೆಯೇ ಒಣಗಬೇಕು, ಚೆಂಡು ಹಿಡಿಯುತ್ತಾ ಹಿಡಿಯುತ್ತಾ ಒಣಗಬೇಕು.

"ಏಳೇ ಸಿಂಚನ. ಅತ್ತದ್ದು ಸಾಕು. ಹಾಕ್ಕೋ ಇದನ್ನ."

"ಒದ್ದೆ ಅದೆ ಮಿಸ್."

"ಗೊತ್ತು. ಒಣಗೋ ತನಕ ಬಿಚ್ಚೋ ಹಾಗಿಲ್ಲ. ಎಲ್ಲಿ, ಎಸೆಯೋರು ಬನ್ನಿ."

ಹಬ್ಬದ ದಿನ, ಯಾರಿಗೂ ಕೆಲಸವಿಲ್ಲ. ಬೀದಿಗೆ ಬೀದಿಯೇ ಬಂತು. ಟ್ರಾಕ್ಟರು ಓಡಿಸುವವರೆಲ್ಲ ಹೊಸ ಪಂಚೆ ಎತ್ತಿ ಕಟ್ಟಿ ನಿಂತರು. ಕಬ್ಬಿನ ಕಟ್ಟು ಎಸೆದು ರೂಢಿಯಾದ ತೋಳುಗಳು, ಚೆಂಡು ಎತ್ತ ಬೇಕೋ ಅತ್ತ ಹೋಗುತ್ತಿತ್ತು. ಒಬ್ಬನದ್ದು ಪಕ್ಕದ ಮನೆಯ ಒಬ್ಬಟ್ಟಿನ ಕಾವಲಿ ತಪ್ಪಿಸಿಕೊಂಡು ಹೋಯಿತು. ಅವಳಜ್ಜಿಯೂ ಸೆರಗು ಸಿಕ್ಕಿಸಿಕೊಂಡು ಬಂದು, "ಈ ಕಡಿಕೆ ಬುಡ್ರಿ, ನಾನೂ ಒಂದೆಸೀತೀನಿ" ಅಂದಳು. ಅವಳು ಎಸೆದದ್ದು ಎಲ್ಲರಿಗಿಂತ ನೆಟ್ಟಗೆ ಬಂತು. ಸಿಂಚನ ಎಡಕ್ಕೆ, ಬಲಕ್ಕೆ, ನೆಲಕ್ಕೆ ಬಾಗಿ ಬಾಚುತ್ತಿದ್ದಳು. ಪ್ರತಿ ಸಲವೂ ಗ್ಲೌಸು ಪಚಕ್ ಅಂತ ನೀರು ಚಿಮ್ಮಿಸುತ್ತಿತ್ತು. ವಿಭೂತಿ ಹೋಯಿತು, ಕುಂಕುಮ ಕರಗಿ ಚರ್ಮಕ್ಕೆ ಇಳಿಯಿತು. ಅಳುತ್ತಿದ್ದ ಹುಡುಗಿ ನಗಲು ಶುರುಮಾಡಿದ್ದು ಯಾವಾಗ ಅಂತ ನನಗೆ ಗೊತ್ತಾಗಲೇ ಇಲ್ಲ.

ಹಿಡಿದ ಚೆಂಡನ್ನು ಪಕ್ಕದಲ್ಲಿದ್ದ ಮಕ್ಕಳಿಗೆ ಉರುಳಿಸುತ್ತಿದ್ದಳು, ಮಧ್ಯೆ ಒಮ್ಮೆ ಹಿಂದಕ್ಕೆ ಎಸೆಯಬೇಕಾಯಿತು. ಎದುರಿಗೆ ನಿಂತಿದ್ದವನು ಮಾದೇಶ. ಅವಳು ಆಟದ ಉತ್ಸಾಹದಲ್ಲಿ ಯೋಚನೆ ಮಾಡದೆ ಎಡಗೈಯಲ್ಲಿ ಬೀಸಿದಳು. ಚೆಂಡು ಅಪ್ಪನ ಅಂಗೈಗೆ ಫಟ್ ಅಂತ ಬಡಿಯಿತು. ಅವನು ಕೈ ಒದರಿಕೊಂಡ, ಕೆಂಪಾದ ಅಂಗೈ ನೋಡಿಕೊಂಡ.

"ಯಾವ್ ಕೈಲವ್ವ ಎಸುದ್ದು?"

ಸಿಂಚನ ಎಡಗೈಯನ್ನು ಹಿಂದಕ್ಕೆ ಬಚ್ಚಿಡಲು ಹೋದವಳು ಅರ್ಧಕ್ಕೇ ನಿಂತಳು.

"ಇದ್ರಲ್ಲಿ" ಅಂದಳು.

ಮಾದೇಶ ನನ್ನ ಮುಖ ನೋಡಿದ. ನಾನು, "ಅದಕ್ಕೇ ಕಣಯ್ಯ ಬಲಗೈಗೆ ಗ್ಲೌಸು" ಅಂದೆ. ಅವನು ಚೆಂಡನ್ನು ಅವಳಿಗೆ ಕೊಟ್ಟು ಹಿಂದಕ್ಕೆ ನಡೆದು ಇನ್ನೂ ದೂರ ನಿಂತ. "ಇನ್ನೊಂದ್ಸಲ ಎಸಿ, ನೋಡವಾ" ಅಂದ. ಎಸೆದಳು. ಮತ್ತೂ ಹಿಂದೆ ಹೋದ. ಮತ್ತೆ ಎಸೆದಳು. ಪ್ರತಿ ಸಲವೂ ಅಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ.

ಸಂಜೆಗೆ ಗ್ಲೌಸು ಒಣಗಿತು. ತೆಳ್ಳಗೆ ಎಣ್ಣೆ ಒರೆಸಿ, ಚೆಂಡು ಕಟ್ಟಿಟ್ಟು ಬಂದೆ. ಒಂದು ಮಾತು, ನೀವು ಯಾರೂ ಗ್ಲೌಸನ್ನು ಸೋಪಿನ ಪುಡಿ ಹಾಕಿ ತೊಳೆಯಬೇಡಿ. ಇದು ಕೆಟ್ಟದ್ದನ್ನು ಸರಿಮಾಡಿಕೊಂಡ ಕಥೆ, ಕ್ರಮವಲ್ಲ.

ಹೊರಡುವ ದಿನ ಅಧಿಕಾರಿಗಳು ಸೀಟಿ ಸಮೇತ ಬಂದರು. ಸಿಂಚನ ಬಲಗೈ ಮುಂದೆ ಚಾಚಿ ಗ್ಲೌಸು ಮುಚ್ಚಿದಳು. ಪುಸ್ತಕದ ಹಾಗೆ ಸದ್ದಿಲ್ಲದೆ ಮುಚ್ಚಿತು. ಮತ್ತೆ ತೆರೆದಳು.

"ಇದೇನಮ್ಮ ಒಳಗೆ ಕೆಂಪಗೆ?"

"ಆಯುಧ ಪೂಜೆ ಸಾರ್" ಅಂದೆ ನಾನು.

ಅವರು ಒಂದು ಕ್ಷಣ ನೋಡಿ, "ಹತ್ತಿ, ಬಸ್ ಹೊರಡುತ್ತೆ" ಅಂದರು. ಅವರ ಬಾಯಿಂದ ಅದೇ ದೊಡ್ಡ ಆಶೀರ್ವಾದ.

ಮೈಸೂರಿನಲ್ಲಿ ಮೊದಲ ಪಂದ್ಯ. ಎದುರಾಳಿಗಳು ಷೂ, ಟೋಪಿ ಎಲ್ಲ ಒಂದೇ ಬಣ್ಣದವರು. ನಮ್ಮವರು ಹಿಂಜರಿಯುತ್ತಲೇ ಆಡಿದರು, ಆದರೆ ಒಂದನೇ ಬೇಸಿಗೆ ಬಂದದ್ದು ಒಂದೂ ಹೊರಗೆ ಹೋಗಲಿಲ್ಲ. ಕೊನೆಯ ಸರದಿಯಲ್ಲಿ ನಾವು ಒಂದೇ ರನ್ ಮುಂದಿದ್ದೆವು. ಇನ್ನೊಬ್ಬಳು ಔಟಾದರೆ ಗೆದ್ದೆವು, ಆದರೆ ಮೂರನೇ ಬೇಸಿನಲ್ಲಿ ಅವರ ಹುಡುಗಿ ಓಡಿ ಬಂದು ರನ್ ಸಮ ಮಾಡಲು ಕಾಯುತ್ತಿದ್ದಳು. ಹೊಡೆದ ಚೆಂಡು ನೆಲ ಕಚ್ಚಿಕೊಂಡು ಬಂತು. ನಮ್ಮ ಎರಡನೇ ಬೇಸಿನವಳು ಹಿಡಿದು ಗಾಬರಿಯಲ್ಲಿ ಎಸೆದದ್ದು ಬೇಸಿನಿಂದ ಎಷ್ಟೋ ಒಳಕ್ಕೆ, ಅದೂ ನೆಲಕ್ಕೆ ಬಡಿದು. ಹೊಡೆದವಳು ದಡದಡ ಓಡಿ ಬರುತ್ತಿದ್ದಾಳೆ. ಸಿಂಚನ ಒಂದು ಕಾಲು ಬೇಸಿನ ಮೇಲಿಟ್ಟೇ ಉದ್ದಕ್ಕೆ ಚಾಚಿದಳು, ಹೆಚ್ಚು ಕಡಿಮೆ ಮಲಗಿಯೇಬಿಟ್ಟಳು. ಧೂಳೆದ್ದಿತು.

ಅಂಪೈರು ಬಗ್ಗಿ, "ಬಾಲೆಲ್ಲಿ?" ಅಂದರು. ಸಿಂಚನ ಮಲಗಿದಲ್ಲಿಂದಲೇ ಬಲಗೈ ಎತ್ತಿ ಗ್ಲೌಸಿನ ಬಾಯಿ ತೆರೆದಳು. ಚೆಂಡು ಕುಂಕುಮದ ಕಲೆಯ ಮೇಲೆ ಕೂತಿತ್ತು. ಅಂಪೈರಿನ ಮುಷ್ಟಿ ಮೇಲೆ ಹೋಯಿತು, ಔಟ್.

ಮಾರನೇ ದಿನ ಬೇರೆ ತಂಡವೊಂದು ನಮ್ಮನ್ನು ಚೆನ್ನಾಗಿ ಬಡಿದು ಊರಿಗೆ ಕಳಿಸಿತು, ಆ ಮಾತು ಬೇರೆ. ಅವತ್ತು ಮಾತ್ರ ನಾನು ಆ ವಯಸ್ಸಿನಲ್ಲೂ ಸೀರೆ ಎತ್ತಿ ಹಿಡಿದು ಮೈದಾನದ ತುಂಬ ಓಡಿದೆ. ಹುಡುಗಿಯರು ಸಿಂಚನಳನ್ನು ಎತ್ತಿಕೊಂಡು ಕುಣಿಯುತ್ತಿದ್ದರು. ಅಷ್ಟರಲ್ಲಿ ಮಾದೇಶ ಬಂದ. ಮಾದಪ್ಪನ ಬೆಟ್ಟಕ್ಕೆ ಹೋಗಿ, ಅಲ್ಲಿಂದ ನೇರ ಬಸ್ಸಿನಲ್ಲಿ ಮೈಸೂರಿಗೆ ಬಂದಿದ್ದ. ಕೈಯಲ್ಲಿ ಪ್ರಸಾದದ ಲಾಡು.

"ಗೆದ್ವಾ ಮೇಡಮ್ಮೋರೆ?"

"ಗೆದ್ವಿ ಕಣಯ್ಯ."

ಅವನು ಲಾಡು ಮುರಿದು ಮಗಳ ಕಡೆ ಚಾಚಿದ. ಮೈಯೆಲ್ಲ ಧೂಳಾಗಿದ್ದ ಸಿಂಚನ, ಪ್ರಸಾದ ಅಂದ ಕೂಡಲೇ ರೂಢಿಯಂತೆ ಬಲಗೈಯ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಕೀಳಲು ಹೋದಳು. ಅದು ಅವಳ ಕೈಗೆ ಎಷ್ಟು ಒಗ್ಗಿತ್ತೆಂದರೆ ಬೇಗ ಬರಲೇ ಇಲ್ಲ.

"ಬುಡವ್ವ, ಅದ್ಯಾಕ್ ಕೀಳೀಯೆ" ಅಂದ ಮಾದೇಶ. "ಎಡಗೈ ಒಡ್ಡು."

ಸಿಂಚನ ಅಪ್ಪನ ಮುಖ ನೋಡಿದಳು. ಆಮೇಲೆ ಎಡಗೈಯನ್ನು ಲಂಗಕ್ಕೆ ಒರೆಸಿಕೊಂಡು, ಒಡ್ಡಿದಳು.